ಇಲ್ಲಿಂದ ಇಲ್ಲಿಯವರೆಗೆ



2022ರಲ್ಲಿ ಶಾಲಾ ಪಠ್ಯಪುಸ್ತಕಗಳ ಪರಿಷ್ಕರಣೆಯ ವಿಚಾರ ನಾಡನ್ನೆಲ್ಲ ಕಲಕಿದ್ದು ನಿಮಗೆ ನೆನಪಿರಬಹುದು. 9ನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಬಸವಣ್ಣನವರ ಬಗ್ಗೆ ಬರೆದದ್ದು ಸರಿಯಿಲ್ಲವೆಂದು ಮಠಾಧೀಶರು ಆಕ್ಷೇಪವೆತ್ತಿದರು, ಸಂಘಟನೆಗಳು ಮನವಿ ಕೊಟ್ಟವು, ತಿದ್ದುವುದಾಗಿ ಸರ್ಕಾರ ಹೇಳಬೇಕಾಯಿತು. ಎತ್ತಬೇಕಾದ ದನಿಯನ್ನೇ ಎತ್ತಿದೆವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಸ್ತಕದಲ್ಲಿ ಏನು ಅಚ್ಚಾಗಬೇಕು ಎಂಬುದಕ್ಕೆ ತೋರಿದ ಕಾಳಜಿಯ ಹತ್ತರಲ್ಲೊಂದು ಪಾಲನ್ನಾದರೂ, ಅಚ್ಚಾದದ್ದನ್ನು ಮಗು ತಾನಾಗಿ ಓದಿ ತಿಳಿಯಬಲ್ಲದೆ ಎಂಬುದಕ್ಕೆ ನಾವು ತೋರಿಲ್ಲ. ಈ ಸಂಚಿಕೆಯಲ್ಲಿ ಆ ಮಾತನ್ನು ಎತ್ತುತ್ತಿದ್ದೇನೆ.

ನೌಕರಿಯಿಂದ ನಿವೃತ್ತನಾದ ಮೇಲೆ ವಾರಕ್ಕೆ ಮೂರು ಸಂಜೆ ನಮ್ಮ ಭಾಗದ ಮಠವೊಂದರ ಪ್ರಸಾದ ನಿಲಯಕ್ಕೆ ಹೋಗುತ್ತೇನೆ. ಅಲ್ಲಿ 6, 7, 8ನೇ ತರಗತಿಯ ಮಕ್ಕಳ ಜೊತೆ ಕೂರುವುದು ನನ್ನ ಪಾಲಿನ ಕೆಲಸ. ಅವರ ವಿಜ್ಞಾನದ ಪುಸ್ತಕವನ್ನೋ ಸಮಾಜ ವಿಜ್ಞಾನದ ಪುಸ್ತಕವನ್ನೋ ತೆರೆದರೆ ಪ್ರತಿ ಪಾಠದಲ್ಲೂ ಪೆನ್ಸಿಲ್ಲಿನ ಗುರುತು ಕಾಣುತ್ತದೆ. ಒಂದು ಕಡೆ ಕಂಸ ತೆರೆದಿರುತ್ತದೆ, ನಾಲ್ಕೈದು ಸಾಲಿನ ಕೆಳಗೆ ಮುಚ್ಚಿರುತ್ತದೆ, ಅಂಚಿನಲ್ಲಿ ಪ್ರಶ್ನೆಯ ಸಂಖ್ಯೆ ಬರೆದಿರುತ್ತದೆ. "ಮೂರನೇ ಪ್ರಶ್ನೆಗೆ ಉತ್ತರ, ಇಲ್ಲಿಂದ ಇಲ್ಲಿಯವರೆಗೆ" ಎಂದು ತರಗತಿಯಲ್ಲಿ ಹೇಳಿದ್ದನ್ನು ಮಗು ಗುರುತು ಹಾಕಿಕೊಂಡಿದೆ. ಮನೆಗೆ ಅಥವಾ ನಿಲಯಕ್ಕೆ ಬಂದು ಆ ಕಂಸದೊಳಗಿನದನ್ನು ನೋಟ್‌ಬುಕ್ಕಿಗೆ ಇಳಿಸುತ್ತದೆ, ಆಮೇಲೆ ಬಾಯಿಪಾಠ ಮಾಡುತ್ತದೆ. ಕಂಸದ ಹೊರಗೆ ಉಳಿದ ಮುಕ್ಕಾಲು ಪುಸ್ತಕವನ್ನು ವರ್ಷವಿಡೀ ಯಾರೂ ಓದುವುದಿಲ್ಲ.

8ನೇ ತರಗತಿಯ ಹುಡುಗನೊಬ್ಬ ಒತ್ತಡದ ವ್ಯಾಖ್ಯೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲ ಎಂಬುದು ಸರಾಗವಾಗಿ ಬಂತು. ಅವನ ಊರು ಸವದತ್ತಿಯ ಕಡೆ, ನವಿಲುತೀರ್ಥದ ಅಣೆಕಟ್ಟನ್ನು ಕಣ್ಣಾರೆ ಕಂಡವನು. "ಅಣೆಕಟ್ಟಿನ ಗೋಡೆ ಬುಡದಲ್ಲಿ ಯಾಕೆ ದಪ್ಪ ಇರ್ತದ ತಮ್ಮಾ?" ಎಂದು ಕೇಳಿದೆ. ಹುಡುಗ ನೋಟ್‌ಬುಕ್ಕಿನ ಹಾಳೆ ತಿರುವಿ ಹೇಳಿದ: "ಅದು ನೋಟ್ಸಿನ್ಯಾಗ ಇಲ್ರಿ ಸರ್." ಅದೇ ಪಾಠದಲ್ಲಿ ಸ್ವಲ್ಪ ಮುಂದೆ ದ್ರವಗಳ ಒತ್ತಡದ ಪ್ರಯೋಗವಿದೆ, ಚಿತ್ರವೂ ಇದೆ. ಅಲ್ಲಿ ಕಂಸ ಇರಲಿಲ್ಲ.

ಈ ಹುಡುಗನಿಗೆ ಓದಲು ಬರುವುದಿಲ್ಲ ಎನ್ನುವಂತಿಲ್ಲ. ಕೊಟ್ಟ ಪುಟವನ್ನು ಎಡವದೆ ಗಟ್ಟಿಯಾಗಿ ಓದುತ್ತಾನೆ. ಅಕ್ಷರವನ್ನೇ ಕೂಡಿಸಲಾರದ ಮಕ್ಕಳ ಕಷ್ಟ ಬೇರೆ, ಅದು ದೊಡ್ಡದೂ ಹೌದು. 2022ರ ಅಸರ್ ವರದಿಯಂತೆ ದೇಶದ ಗ್ರಾಮೀಣ ಭಾಗದ 8ನೇ ತರಗತಿ ಮಕ್ಕಳಲ್ಲಿ 2ನೇ ತರಗತಿ ಮಟ್ಟದ ಪಠ್ಯವನ್ನು ಓದಬಲ್ಲವರು ಶೇಕಡಾ 69.6 ಮಾತ್ರ. ಉಳಿದ 30 ಮಕ್ಕಳ ಬಗ್ಗೆ ಇಲಾಖೆ ಚಿಂತಿಸುತ್ತಿದೆ, ಚಿಂತಿಸಲೂ ಬೇಕು. ನಾನು ಬರೆಯುತ್ತಿರುವುದು ಆ 70 ಮಕ್ಕಳ ಬಗ್ಗೆ. ಓದಲು ಬರುತ್ತದೆ ಎಂದು ಲೆಕ್ಕ ಹಾಕಿ, ನಾವೆಲ್ಲ ನಿಶ್ಚಿಂತರಾಗಿ ಬಿಟ್ಟುಬಿಟ್ಟ ಮಕ್ಕಳು ಅವರು.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಇರುವುದು 1ರಿಂದ 3ನೇ ತರಗತಿಗೆ. ಕೇಂದ್ರದ ನಿಪುಣ್ ಭಾರತ್ ಯೋಜನೆಯ ಗುರಿಯೂ 3ನೇ ತರಗತಿಯ ತನಕ. ಅಲ್ಲಿಂದ ಮುಂದೆ ಮಗು ಓದುವುದನ್ನು ಕಲಿತಾಯಿತು, ಇನ್ನು ಓದಿ ಕಲಿಯುತ್ತದೆ ಎಂದು ಎಲ್ಲರೂ ನಂಬಿಕೊಂಡಿದ್ದೇವೆ. ಓದುವುದನ್ನು ಕಲಿಯುವುದು ಒಂದು ಹಂತ, ಓದಿ ಕಲಿಯುವುದು ಇನ್ನೊಂದು ಹಂತ ಎಂದು ಅಮೆರಿಕದ ಶಿಕ್ಷಣತಜ್ಞೆ ಜೀನ್ ಚಾಲ್ 1983ರಲ್ಲೇ ಬಿಡಿಸಿ ಬರೆದಿದ್ದಾರೆ. ಮೊದಲ ಮೆಟ್ಟಿಲು ಹತ್ತಿದ ಮಗು ಎರಡನೆಯದನ್ನು ತಾನೇ ಹತ್ತೀತು ಎಂಬುದಕ್ಕೆ ಯಾವ ಖಾತ್ರಿಯೂ ಇಲ್ಲ. 5ನೇ ತರಗತಿ ದಾಟುತ್ತಲೇ ಪುಸ್ತಕದ ಸ್ವರೂಪ ಬದಲಾಗುತ್ತದೆ. ಕಥೆ, ಪದ್ಯ ಹಿಂದೆ ಸರಿದು ವ್ಯಾಖ್ಯೆ, ವರ್ಗೀಕರಣ, ಕಾರಣ-ಪರಿಣಾಮ, ಕೋಷ್ಟಕ, ನಕಾಶೆ ಬರುತ್ತವೆ. ಅವುಗಳನ್ನು ಓದುವ ಬಗೆಯನ್ನು ಮಗುವಿಗೆ ಯಾರು ಹೇಳಿಕೊಡಬೇಕು?

ಶಾಲೆಯಲ್ಲಿ ಕೇಳಿ ನೋಡಿದೆ. ವಿಜ್ಞಾನದ ಶಿಕ್ಷಕರು "ಓದಿಸೋದು ಕನ್ನಡ ಮಾಸ್ತರರ ಕೆಲಸರಿ, ನಾವು ಪೋರ್ಷನ್ ಮುಗಿಸಬೇಕು" ಎಂದರು. ಕನ್ನಡ ಶಿಕ್ಷಕರು "ದ್ಯುತಿಸಂಶ್ಲೇಷಣೆ ನಾನೇನು ಹೇಳ್ಲಿರಿ?" ಎಂದರು. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಆದರೂ ನನ್ನ ಅಭಿಪ್ರಾಯ ಸ್ಪಷ್ಟ. ವಿಜ್ಞಾನದ ಪುಟ ಓದುವುದನ್ನು ಕಲಿಸಬೇಕಾದವರು ವಿಜ್ಞಾನದ ಶಿಕ್ಷಕರೇ, ಇತಿಹಾಸದ ಪುಟಕ್ಕೆ ಇತಿಹಾಸದ ಶಿಕ್ಷಕರು. ಏಕೆಂದರೆ ಆ ಪುಟ ಎಲ್ಲಿ ತೊಡಕಾಗುತ್ತದೆ ಎಂಬುದು ಆ ವಿಷಯ ಬಲ್ಲವರಿಗೇ ಗೊತ್ತು.

ಮೊದಲನೆಯ ತೊಡಕು ಪದಗಳದ್ದು. ಕಠಿಣ ಪದ ಎಂದರೆ ಪತ್ರಹರಿತ್ತಿನಂಥ ಉದ್ದದ ಸಂಸ್ಕೃತ ಪದ ಎಂದು ನಾವು ತಿಳಿಯುತ್ತೇವೆ. ನಾನು ಕಂಡಂತೆ ಮಕ್ಕಳು ಅಲ್ಲಿ ಅಷ್ಟಾಗಿ ಎಡವುವುದಿಲ್ಲ. ಹೊಸ ಪದ ಎಂದು ಗೊತ್ತಿರುತ್ತದೆ, ಕೇಳುತ್ತಾರೆ. ಎಡವುವುದು ಗೊತ್ತಿರುವ ಪದಗಳಲ್ಲಿ. ಉಷ್ಣ ಎಂದರೆ ಮನೆಯಲ್ಲಿ ಪಪ್ಪಾಯಿ ತಿಂದರೆ ಆಗುವುದು, ಪುಸ್ತಕದಲ್ಲಿ ಅದು ಶಕ್ತಿಯ ಒಂದು ರೂಪ. ಅದೇ ಪಾಠದಲ್ಲಿ ತಾಪ ಎಂಬ ಇನ್ನೊಂದು ಪದ ಬರುತ್ತದೆ, ಮಗುವಿಗೆ ಎರಡೂ ಒಂದೇ. ಘರ್ಷಣೆ ಎಂದರೆ ಟಿವಿ ಸುದ್ದಿಯಲ್ಲಿ ಎರಡು ಗುಂಪು ಕಲ್ಲು ತೂರುವುದು. ಕೋಶ ಎಂದರೆ ನಿಘಂಟು. ಬಲ ಎಂದರೆ ಎಡದ ವಿರುದ್ಧ. ಗಣಿತದಲ್ಲಿ ಬರುವ ಘಾತ ಎಂದರೆ ಅಪಘಾತದ ತಮ್ಮ. ಕಾರ್ಯ ಎಂದರೆ ಮದುವೆಯೋ ಗೃಹಪ್ರವೇಶವೋ. ಗೋಡೆಯನ್ನು ದಿನವಿಡೀ ತಳ್ಳಿದರೂ ಅದು ಕದಲದಿದ್ದರೆ ಕಾರ್ಯ ಆಗಿಲ್ಲ ಎಂದು ಮುಂದೆ ಭೌತಶಾಸ್ತ್ರ ಹೇಳುವಾಗ ಮಗುವಿಗೆ ಅದು ಅನ್ಯಾಯವೆಂದೇ ತೋರುತ್ತದೆ. ಇಂಥ ಪದ ಬಂದಾಗ ಶಿಕ್ಷಕರು ಒಂದು ನಿಮಿಷ ನಿಂತು, ಮನೆಯಲ್ಲಿ ಇದರ ಅರ್ಥ ಏನು, ಈ ಪುಟದಲ್ಲಿ ಏನು ಎಂದು ಎರಡೂ ಕೇಳಿದರೆ ಅರ್ಧ ದಾರಿ ಸವೆದಂತೆ. ನೋಟ್ಸ್ ಬರೆಸುವಾಗ ಆ ಒಂದು ನಿಮಿಷ ಸಿಗುವುದಿಲ್ಲ.

ಎರಡನೆಯದು ವಾಕ್ಯ. ನಮ್ಮ ಶಾಲೆಗಳ ವಿಜ್ಞಾನ ಮತ್ತು ಗಣಿತದ ಪುಸ್ತಕಗಳು ಎನ್‌ಸಿಇಆರ್‌ಟಿ ಇಂಗ್ಲಿಷ್ ಪುಸ್ತಕಗಳ ಅನುವಾದ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುತ್ತದೆ, ವಿವರಗಳು ಆಮೇಲೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಅನುವಾದಕರು ಎಲ್ಲ ವಿವರಗಳನ್ನೂ ಒಂದರ ಮುಂದೊಂದು ಪೋಣಿಸಿ, "ಆದ", "ಇರುವ", "ಹೊಂದಿರುವ" ಎಂದು ಕೊಂಡಿ ಹಾಕಿ, ಮೂರು ಸಾಲು ದಾಟಿದ ಮೇಲೆ ಕ್ರಿಯಾಪದ ಇಟ್ಟಿರುತ್ತಾರೆ. ಅಲ್ಲಿಗೆ ತಲುಪುವ ಹೊತ್ತಿಗೆ ಮಗುವಿಗೆ ಮೊದಲು ಏನಿತ್ತು ಎಂಬುದೇ ಮರೆತಿರುತ್ತದೆ. ಉಸಿರು ಬಿಗಿಹಿಡಿದು ಓದಿ ಮುಗಿಸುತ್ತದೆ ಅಷ್ಟೆ. ನಾನು ಮಕ್ಕಳಿಗೆ ಹೇಳುವುದು, ಉದ್ದ ವಾಕ್ಯ ಬಂದರೆ ಮೊದಲು ತುದಿಗೆ ಹೋಗಿ ಕ್ರಿಯಾಪದ ಹಿಡಿಯಿರಿ, ಆಮೇಲೆ "ಯಾವುದು?" ಎಂದು ಕೇಳಿ ಹಿಂದಕ್ಕೆ ಬನ್ನಿ. ಕಣದಲ್ಲಿ ರಾಶಿಯ ಕೊನೆಯ ಚೀಲದಿಂದ ಎಣಿಸಿದಂತೆ. ವಾರದೊಳಗೆ ರೂಢಿಯಾಗುತ್ತದೆ.

ವಾಕ್ಯದ ಒಳಗಿನ ಸಣ್ಣ ಪ್ರತ್ಯಯಗಳ ಮಾತಂತೂ ನನಗೆ ಬಹಳ ಮುಖ್ಯವೆನಿಸುತ್ತದೆ. "ಕಾಯಿಸಿದರೆ", "ಕಾಯಿಸಿದರೂ" ಇವೆರಡಕ್ಕೆ ಒಂದೇ ಒಂದು ಸ್ವರದ ವ್ಯತ್ಯಾಸ. ಒಂದರಲ್ಲಿ ಕಾರಣಕ್ಕೆ ಪರಿಣಾಮವಿದೆ, ಇನ್ನೊಂದರಲ್ಲಿ ಕಾರಣವಿದ್ದೂ ಪರಿಣಾಮ ಆಗಿಲ್ಲ. ವಿಜ್ಞಾನವಿಡೀ ಈ ಸ್ವರದ ಮೇಲೆ ನಿಂತಿದೆ. "ಆದ್ದರಿಂದ", "ಆದರೆ", "ಅಂದರೆ", "ಮಾತ್ರ", "ಕನಿಷ್ಠ" ಇವುಗಳ ಮೇಲೂ ಅಷ್ಟೆ. ಓಡಿಸಿ ಓದುವ ಮಗು ಇವುಗಳನ್ನೆಲ್ಲ ಕಲ್ಲುಹರಳಿನಂತೆ ದಾಟಿ ಹೋಗುತ್ತದೆ.

ದಾಟಿ ಹೋದರೆ ಏನಾಗುತ್ತದೆ ಎಂಬುದನ್ನು ನಮ್ಮ ಇಲಾಖೆಯ ಕೆಲಸದಲ್ಲಿ ದಿನವೂ ಕಾಣಬಹುದಿತ್ತು. ಕಾಂಕ್ರೀಟಿಗೆ ಎಷ್ಟು ದಿನ ನೀರು ಹಿಡಿಯಬೇಕು, ಅಂದರೆ ಕ್ಯೂರಿಂಗ್, ಎಂದು ಯಾವ ಕಿರಿಯ ಎಂಜಿನಿಯರನ್ನು ಕೇಳಿದರೂ "7 ದಿನ" ಎನ್ನುತ್ತಿದ್ದ. ಪರೀಕ್ಷೆಯಲ್ಲಿ ಅಷ್ಟೇ ಬರೆದು ಪಾಸಾದವನು. ಐಎಸ್ 456 ಸಂಹಿತೆಯ 2000ದ ಆವೃತ್ತಿಯಲ್ಲಿ ಆ ಅಂಶ ಅಲ್ಲಿಗೇ ಮುಗಿಯುವುದಿಲ್ಲ. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ ಕನಿಷ್ಠ 10 ದಿನ, ಒಣ ಬಿಸಿಲಿನ ಹವೆಯಲ್ಲೂ 10 ದಿನಕ್ಕೆ ಕಡಿಮೆಯಾಗಬಾರದು ಎಂದಿದೆ. ಇವತ್ತು ನಿಮ್ಮ ಊರಿನ ಅಂಗಡಿಯಲ್ಲಿ ಸಿಗುವ ಪಿಪಿಸಿ ಮಿಶ್ರ ಸಿಮೆಂಟೇ, ನಮ್ಮ ಕಡೆಯ ಬೇಸಿಗೆ ಒಣ ಬಿಸಿಲೇ. ಆ ಎಂಜಿನಿಯರನಿಗೂ ಯಾವುದೋ ಶಾಲೆಯಲ್ಲಿ ಯಾರೋ "ಇಲ್ಲಿಂದ ಇಲ್ಲಿಯವರೆಗೆ" ಎಂದು ಕಂಸ ಹಾಕಿ ಕೊಟ್ಟಿದ್ದರು. ಕಂಸ 7ರ ಪಕ್ಕದಲ್ಲೇ ಮುಚ್ಚಿತ್ತು.

ಗಣಿತದಲ್ಲಿ ಕನ್ನಡ ನಮಗೆ ಅನುಕೂಲವನ್ನೇ ಮಾಡಿಕೊಟ್ಟಿದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. "ಒಂದು ಸಂಖ್ಯೆಯ ಮೂರರಷ್ಟಕ್ಕಿಂತ 5 ಕಡಿಮೆ" ಎಂಬ ಮಾತನ್ನು ಬರೆದ ಕ್ರಮದಲ್ಲೇ ಹಿಡಿದು ನಡೆಯಿರಿ. ಸಂಖ್ಯೆ ಬಂತು, ಮೂರರಿಂದ ಗುಣಿಸಿದ್ದಾಯಿತು, 5 ಕಳೆದದ್ದಾಯಿತು. ಸಮೀಕರಣವೂ ಅದೇ ಕ್ರಮ. ಇಂಗ್ಲಿಷಿನಲ್ಲಿ ಇದೇ ಮಾತು 5ರಿಂದ ಶುರುವಾಗುತ್ತದೆ, ಆದ್ದರಿಂದ 5ರಲ್ಲಿ ಮೂರರಷ್ಟನ್ನು ಕಳೆಯುವ ತಪ್ಪು ಅಲ್ಲಿಯ ಮಕ್ಕಳಲ್ಲಿ ಸಾಮಾನ್ಯ. ಆದರೆ ನಮ್ಮ ಮಕ್ಕಳು ವಾಕ್ಯವನ್ನು ಓದದೆ ಸಂಖ್ಯೆಯನ್ನೂ ಒಂದು ಪದವನ್ನೂ ಮಾತ್ರ ಹೆಕ್ಕುತ್ತಾರೆ. "ಬಸಮ್ಮನ ಹತ್ತಿರ 12 ಮಾವಿನ ಹಣ್ಣಿವೆ. ಇದು ಗಂಗಮ್ಮನ ಹತ್ತಿರ ಇರುವುದಕ್ಕಿಂತ 5 ಕಡಿಮೆ. ಗಂಗಮ್ಮನ ಹತ್ತಿರ ಎಷ್ಟಿವೆ?" ಎಂದು ಬೋರ್ಡಿನ ಮೇಲೆ ಬರೆದೆ. 22 ಮಕ್ಕಳಲ್ಲಿ 15 ಮಕ್ಕಳು 7 ಎಂದರು. "ಕಡಿಮೆ" ಕಂಡಿತು, ಕಳೆದರು. ಗಂಗಮ್ಮನ ಹತ್ತಿರ ಇರುವುದು 17. ಇವರಿಗೆ ಕೂಡಿಸಲು ಕಳೆಯಲು ಚೆನ್ನಾಗಿಯೇ ಬರುತ್ತದೆ. ತಪ್ಪಿದ್ದು ಓದಿನಲ್ಲಿ. ಇಂಥ ಮಗುವಿಗೆ ಇನ್ನಷ್ಟು ಲೆಕ್ಕ ಕೊಟ್ಟು ಬಿಡಿಸು ಎಂದರೆ ಪ್ರಯೋಜನವಿಲ್ಲ.

ಚಿತ್ರ, ಕೋಷ್ಟಕ, ನಕಾಶೆಗಳ ಕಥೆ ಬೇರೆ. ಅವು ಪುಸ್ತಕ ಚೆಂದ ಕಾಣಲು ಹಾಕಿದ್ದು ಎಂದು ಮಕ್ಕಳು ತಿಳಿದಿದ್ದಾರೆ. ಎಂಜಿನಿಯರಿಗೆ ಡ್ರಾಯಿಂಗೇ ಪಠ್ಯ. ಮೊದಲು ಕೆಳಮೂಲೆಯ ಹೆಸರಿನ ಚೌಕ, ಆಮೇಲೆ ಸ್ಕೇಲು, ಆಮೇಲೆ ಟಿಪ್ಪಣಿ, ಕೊನೆಗೆ ಚಿತ್ರ ಎಂದು ನಮಗೆ ಕಲಿಸಿದ್ದರು. ಸರ್ವೆ ಆಫ್ ಇಂಡಿಯಾದ 1:50,000 ನಕಾಶೆಯೊಂದನ್ನು ನಿಲಯಕ್ಕೆ ಒಯ್ದಿದ್ದೆ. 2 ಸೆಂಟಿಮೀಟರ್ ಅಂದರೆ 1 ಕಿಲೋಮೀಟರ್ ಎಂದು ತಿಳಿದ ಕೂಡಲೇ ಮಕ್ಕಳು ಸ್ಕೇಲುಪಟ್ಟಿ ಹಿಡಿದು ತಮ್ಮ ತಮ್ಮ ಊರಿನಿಂದ ಹಳ್ಳಕ್ಕೆ, ಹಳ್ಳದಿಂದ ಗುಡಿಗೆ ಅಳೆಯತೊಡಗಿದರು. ಪ್ರಸಾದದ ಗಂಟೆ ಬಾರಿಸಿದರೂ ಏಳಲಿಲ್ಲ.

ಇನ್ನು ಉಪಾಯ. 1984ರಲ್ಲಿ ಆನ್‌ಮೇರಿ ಪಾಲಿನ್ಸ್ಕರ್ ಮತ್ತು ಆನ್ ಬ್ರೌನ್ ಎಂಬ ಇಬ್ಬರು ಸಂಶೋಧಕಿಯರು ಅಮೆರಿಕದಲ್ಲಿ 7ನೇ ತರಗತಿಯ ಮಕ್ಕಳೊಡನೆ ನಡೆಸಿದ ಕೆಲಸದ ವರದಿ ಪ್ರಕಟಿಸಿದರು. ಆ ಮಕ್ಕಳೂ ನಮ್ಮವರಂತೆಯೇ, ಗಟ್ಟಿಯಾಗಿ ಓದಬಲ್ಲವರು, ಓದಿದ್ದು ತಿಳಿಯದವರು. ಸಣ್ಣ ಗುಂಪು ಮಾಡಿ ಒಂದೊಂದು ಭಾಗ ಓದುವುದು. ಓದಿದ ಮೇಲೆ ಒಂದು ಮಗು ಅದರ ಬಗ್ಗೆ ಪ್ರಶ್ನೆ ಕೇಳಬೇಕು, ಸಾರ ಹೇಳಬೇಕು, ತೊಡಕಾದ ಪದವನ್ನೋ ಮಾತನ್ನೋ ಬಿಡಿಸಬೇಕು, ಮುಂದೆ ಏನು ಬರಬಹುದು ಎಂದು ಊಹಿಸಬೇಕು. ಮೊದಲು ಶಿಕ್ಷಕರು ಮಾಡಿ ತೋರಿಸುತ್ತಾರೆ, ಕ್ರಮೇಣ ಮಕ್ಕಳೇ ಸರದಿಯ ಮೇಲೆ ಗುರುವಾಗುತ್ತಾರೆ. ಸುಮಾರು 20 ಶಾಲಾ ದಿನಗಳ ಅಭ್ಯಾಸದಲ್ಲಿ ಮಕ್ಕಳ ಗ್ರಹಿಕೆ ಗಮನಾರ್ಹವಾಗಿ ಏರಿತು. ಇದಕ್ಕೆ ಯಂತ್ರ ಬೇಕಿಲ್ಲ, ಹಣವೂ ಬೇಕಿಲ್ಲ.

ನಮ್ಮ ನಿಲಯದಲ್ಲಿ ಇದನ್ನು ನಮಗೆ ಒಗ್ಗುವಂತೆ ಮಾಡಿಕೊಂಡಿದ್ದೇವೆ. ಒಂದು ಸಂಜೆಗೆ ಒಂದೇ ಪುಟ. ಮೊದಲ ವಾರ ಮಕ್ಕಳು ಸುಮ್ಮನೆ ನನ್ನ ಮುಖ ನೋಡಿದರು. ಗುರುವಾಗು ಎಂದರೆ ಎದ್ದು ನಿಂತು ಕೈ ಕಟ್ಟಿಕೊಂಡು ಪುಟವನ್ನೇ ಒಪ್ಪಿಸುವರು. ಪ್ರಶ್ನೆ ಕೇಳು ಎಂದರೆ ಪಾಠದ ಹಿಂದಿನ ಪ್ರಶ್ನೆಯನ್ನೇ ಓದುವರು. ಪುಸ್ತಕ ಮುಚ್ಚಿ ನಿಮ್ಮ ಅವ್ವನಿಗೆ ಹೇಳುವಂತೆ ಹೇಳಿರಿ ಎಂದ ಮೇಲೆ ಬಾಯಿ ಬಿಚ್ಚಿತು. ಧಾರವಾಡ, ಗದಗ ಸೀಮೆಯ ಮಗುವಿಗೆ ಪುಸ್ತಕದ ಕನ್ನಡವೇ ಒಂದು ಪರಭಾಷೆ, ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗೆ ಇನ್ನೂ ದೂರ. ತಿಳಿದದ್ದನ್ನು ತನ್ನ ಮಾತಿನಲ್ಲಿ ಹೇಳಲು ಬಿಡದಿದ್ದರೆ ತಿಳಿಯಿತೋ ಇಲ್ಲವೋ ಎಂದು ನಮಗೆ ಗೊತ್ತಾಗುವ ದಾರಿಯೇ ಇಲ್ಲ. ಮಾತು ತಿದ್ದುವ ಕೆಲಸ ಆಮೇಲೆ ಮಾಡಬಹುದು.

ಒಂದು ಸಂಜೆ ನೀರು ಕುದಿಯುವ ವಿಷಯ ಬಂತು. ಕುದಿಯಲು ತೊಡಗಿದ ಮೇಲೆ ಎಷ್ಟು ಉಷ್ಣ ಕೊಟ್ಟರೂ ತಾಪ ಏರದು ಎಂಬುದು ಆ ಭಾಗದ ತಿರುಳು. ಅಂದಿನ ಗುರು 7ನೇ ತರಗತಿಯ ಒಬ್ಬ ಮೆಲುದನಿಯ ಹುಡುಗ. ಇನ್ನೊಬ್ಬ ಕೇಳಿದ, "ಉಷ್ಣ ಕೊಟ್ರೂ ತಾಪ ಏರಂಗಿಲ್ಲ ಅಂದ್ರ, ಎರಡೂ ಒಂದ ಅಲ್ಲೇನು?" ಗುರು ಸ್ವಲ್ಪ ಹೊತ್ತು ಯೋಚಿಸಿದ. "ಅಡಗಿ ಮನ್ಯಾಗಿನ ಅಜ್ಜ ಅನ್ನದ ನೀರು ಕುದ್ದ ಮ್ಯಾಲ ಕಟಗಿ ಹೊರಗ ಎಳಿತಾನಲ್ಲ, ಯಾಕ? ಒಲಿ ಜೋರ್ ಮಾಡಿದ್ರೂ ನೀರು ಅದಕ್ಕಿಂತ ಬಿಸಿ ಆಗಂಗಿಲ್ಲ, ಬರೇ ಆವಿ ಆಗಿ ಹೋಗ್ತದ. ಕಟಗಿ ದಂಡ." ಪುಸ್ತಕದಲ್ಲಿ ಅಡುಗೆಮನೆಯೂ ಇಲ್ಲ, ಅಜ್ಜನೂ ಇಲ್ಲ, ಕಟ್ಟಿಗೆಯೂ ಇಲ್ಲ. ಆ "ಕೊಟ್ಟರೂ" ಎಂಬುದನ್ನು ಸರಿಯಾಗಿ ಓದಿದ ಹುಡುಗ ಅವುಗಳನ್ನೆಲ್ಲ ತಾನೇ ತಂದ. ಮರುದಿನ ಅಡುಗೆಯ ಅಜ್ಜನಿಗೂ ಸುದ್ದಿ ಮುಟ್ಟಿತು. ತನ್ನ ಕೆಲಸ ಪುಸ್ತಕದಲ್ಲಿ ಬಂದಿದೆಯಂತೆ ಎಂದು ಅವರು ಇಬ್ಬರು ಮೂವರಿಗೆ ಹೇಳಿದ್ದನ್ನು ನಾನೇ ಕೇಳಿದೆ.

ಇಲ್ಲಿ ನಮ್ಮ ಮಠಗಳ ರೂಢಿಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಸಂಜೆಯ ಓದಿನ ವೇಳೆಯಲ್ಲಿ ಬಹಳ ನಿಲಯಗಳಲ್ಲಿ ವಾರ್ಡನ್ನರಿಗೆ ಸದ್ದು ಕೇಳಬೇಕು. ನೂರು ಮಕ್ಕಳು ಒಟ್ಟಿಗೆ ಗಟ್ಟಿಯಾಗಿ ಓದುತ್ತಿದ್ದರೆ ಅಭ್ಯಾಸ ನಡೆದಿದೆ ಎಂದು ಅರ್ಥ. ಮೌನವಾಗಿ ಕುಳಿತು ಒಂದು ವಾಕ್ಯದ ಮೇಲೆ ಹುಬ್ಬು ಗಂಟಿಕ್ಕಿದ ಮಗುವಿಗೆ "ಯಾಕಲೇ ನಿದ್ದಿ ಬಂತೇನು?" ಎಂಬ ಗದರಿಕೆ. ಬಸವ ಜಯಂತಿಗೆ ನಾವು ಇಡುವುದು ವಚನ ಕಂಠಪಾಠ ಸ್ಪರ್ಧೆ. 50 ವಚನ ಹೇಳಿದ ಮಗುವಿಗೆ ಬಹುಮಾನ. ಆ 50ರಲ್ಲಿ ಒಂದರ ಅರ್ಥ ಕೇಳುವ ಸ್ಪರ್ಧೆಯನ್ನು ನಾನು ಕಂಡದ್ದು ಅಪರೂಪ. ಕಂಠಪಾಠ ಬೇಡವೆನ್ನುವವನಲ್ಲ ನಾನು. ಕಂಠದಲ್ಲಿ ಇದ್ದದ್ದು ಕಷ್ಟಕಾಲಕ್ಕೆ ಒದಗುತ್ತದೆ. ಆದರೆ ಶರಣರು ಆಡುಮಾತಿನ ಕನ್ನಡವನ್ನು ಆರಿಸಿಕೊಂಡದ್ದು, ನಡುವೆ ಅರ್ಥ ಹೇಳುವವನೊಬ್ಬ ಬೇಡವಾಗಲಿ ಎಂಬುದಕ್ಕಲ್ಲವೆ? ಶ್ರಾವಣದಲ್ಲಿ ತಿಂಗಳಿಡೀ ಪ್ರವಚನ ಕೇಳುತ್ತೇವೆ. ಪೂಜ್ಯರು ಒಂದೇ ವಚನವನ್ನು ಒಂದು ಗಂಟೆ ಬಿಡಿಸುತ್ತಾರೆ. ಪದ ಹಿಡಿಯುತ್ತಾರೆ, ಮನೆಯ ಅರ್ಥ ಹೇಳಿ ಒಳಗಿನ ಅರ್ಥಕ್ಕೆ ಹೋಗುತ್ತಾರೆ, ತಾವೇ ಪ್ರಶ್ನೆ ಹಾಕಿ ತಾವೇ ಉತ್ತರಿಸುತ್ತಾರೆ, ಹೊಲದ ದೃಷ್ಟಾಂತ ಕೊಡುತ್ತಾರೆ. ಗಟ್ಟಿ ಪಠ್ಯವನ್ನು ಓದುವ ಕಲೆ ಎಂದರೆ ಇದೇ, ನಮ್ಮಲ್ಲಿ ಅದು ಚೆನ್ನಾಗಿಯೇ ಇದೆ. ಪೂಜ್ಯರು ವೇದಿಕೆಯ ಮೇಲೆ ಮಾಡುವುದನ್ನು ಮಗು ಚಾಪೆಯ ಮೇಲೆ ಕುಳಿತು ವಿಜ್ಞಾನದ ಪುಟಕ್ಕೆ ಮಾಡಬೇಕು ಎಂಬುದಷ್ಟೇ ನನ್ನ ಕೋರಿಕೆ.

ಆಡಳಿತ ಮಂಡಳಿಗಳ ಸಭೆಯಲ್ಲಿ ಈ ಮಾತು ಎತ್ತಿದರೆ ಬರುವ ಉತ್ತರ ಗೊತ್ತಿದೆ. "ಇಂಗ್ಲಿಷ್ ಮೀಡಿಯಂ ತೆಗೀರಿ, ಎಲ್ಲಾ ಸರಿ ಹೋಗ್ತದ." ಪಾಲಕರ ಒತ್ತಾಯ ನಿಜ, ಅದನ್ನು ತಳ್ಳಿಹಾಕುವಂತಿಲ್ಲ. ಪಿಯುಸಿ ವಿಜ್ಞಾನಕ್ಕೆ ಹೋದ ಕನ್ನಡ ಮಾಧ್ಯಮದ ಮಗು ಮೊದಲ ಮೂರು ತಿಂಗಳಲ್ಲೇ ಕಂಗೆಡುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಅಲ್ಲಿ ಭಾಷೆಯ ಜೊತೆಗೆ ಇನ್ನೊಂದು ಕೊರತೆಯೂ ಇದೆ. ನೋಟ್ಸ್ ಕೊಡುವವರು ಇಲ್ಲದಿದ್ದರೆ ದಪ್ಪ ಪುಸ್ತಕದೊಳಗೆ ದಾರಿ ಮಾಡಿಕೊಳ್ಳುವುದು ಆ ಮಗುವಿಗೆ ಯಾವ ಭಾಷೆಯಲ್ಲೂ ಬರುವುದಿಲ್ಲ. ಕನ್ನಡದ ಒಂದು ಪುಟವನ್ನು ಬಿಡಿಸಿ ಓದಬಲ್ಲ ಮಗು ಇಂಗ್ಲಿಷಿನ ಪುಟದ ಮುಂದೆ ಪದಕ್ಕಾಗಿ ತಡಕಾಡುತ್ತದೆ, ನಿಘಂಟು ಹಿಡಿದು ನಿಧಾನಕ್ಕೆ ಹತ್ತುತ್ತದೆ. ಕಂಸದೊಳಗಿನದ್ದಷ್ಟೇ ಕಂಡ ಮಗುವಿಗೆ ಇಂಗ್ಲಿಷಿನಲ್ಲೂ ಬೇಕಾಗುವುದು ಕಂಸವೇ. ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಈ ಕಂಸ ಇಲ್ಲ ಎಂದುಕೊಂಡಿದ್ದರೆ ನಿಮ್ಮ ಮೊಮ್ಮಕ್ಕಳ ಪುಸ್ತಕ ಒಮ್ಮೆ ತೆರೆದು ನೋಡಿ.

ಪರೀಕ್ಷೆಯೂ ಬದಲಾಗುತ್ತಿದೆ. 2023ರಲ್ಲಿ ಶೇಕಡಾ 83.89 ಇದ್ದ ಎಸ್‌ಎಸ್‌ಎಲ್‌ಸಿ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಕ್ಯಾಮೆರಾ ಇಟ್ಟದ್ದು ಸರಿಯೇ. ಆದರೆ ನಕಲು ಬಂದ್ ಆದ ಕೊಠಡಿಯಲ್ಲಿ, ಪ್ರಶ್ನೆಯ ಮಾತು ನೋಟ್ಸಿನ ಮಾತಿಗಿಂತ ಸ್ವಲ್ಪ ಬೇರೆಯಾದರೂ ಪೆನ್ನು ಕೆಳಗಿಡುವ ಮಗುವಿನ ಗತಿಯೇನು? 10ನೇ ತರಗತಿಯಲ್ಲಿ ವಿಶೇಷ ತರಗತಿ ನಡೆಸಿ ಇದನ್ನು ತುಂಬಲಾಗದು. 6ರಿಂದ 8ರ ಮೂರು ವರ್ಷ ಇದಕ್ಕೆ ಸಿಗುವ ಬಿಡುವು. ಆಗ ಬೋರ್ಡ್ ಪರೀಕ್ಷೆಯ ಹೆದರಿಕೆ ಇರುವುದಿಲ್ಲ, ಮಗುವಿಗೆ ಕುತೂಹಲವೂ ಇರುತ್ತದೆ.

ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬಿಟ್ಟು ಹೋದ ನಾಡಿದು, 1916ರಲ್ಲಿ ಸಪ್ತರ್ಷಿಗಳೆಂದು ಹೆಸರಾದ ಏಳು ಜನ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದ ನಾಡು. ಸಿದ್ಧಗಂಗೆಯಂಥ ಕ್ಷೇತ್ರಗಳಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಇವತ್ತಿಗೂ ನಡೆದಿದೆ. ನಿಲಯದ ಮಕ್ಕಳು ಸಂಜೆ ಆರರಿಂದ ಒಂಬತ್ತರ ತನಕ ನಮ್ಮ ಕೈಯಲ್ಲೇ ಇರುತ್ತಾರೆ. ಸರ್ಕಾರದ ಸುತ್ತೋಲೆಗೆ ಕಾಯಬೇಕಿಲ್ಲ.

ಆದ್ದರಿಂದ ಮಠಗಳ ಪೂಜ್ಯರಲ್ಲಿ, ನಿಲಯಗಳ ವ್ಯವಸ್ಥಾಪಕರಲ್ಲಿ ಕೇಳಿಕೊಳ್ಳುವುದಿಷ್ಟು. ವಾರಕ್ಕೆ ಮೂರು ಸಂಜೆ, ಅರ್ಧ ಗಂಟೆ, ಒಂದು ಪುಟ. ಎಂಟು ಮಕ್ಕಳಿಗೆ ಒಂದು ಗುಂಪು. ಊರಿನ ನಿವೃತ್ತ ಶಿಕ್ಷಕರು, ಬ್ಯಾಂಕಿನವರು, ಕೃಷಿ ಇಲಾಖೆಯವರು, ಆರೋಗ್ಯ ಇಲಾಖೆಯ ಅಕ್ಕಂದಿರು ಯಾರಾದರೂ ಕೂರಬಹುದು. ಪಾಠ ಹೇಳಬಾರದು, ಮಕ್ಕಳ ಜೊತೆ ಓದಬೇಕು. ಆ ಅರ್ಧ ಗಂಟೆ ನೋಟ್‌ಬುಕ್ ಚೀಲದಲ್ಲೇ ಇರಲಿ. ಗುಂಪಿಗೊಂದು ಕನ್ನಡ ನಿಘಂಟು ಇರಲಿ. ಮುಂದಿನ ಬಸವ ಜಯಂತಿಗೆ ಕಂಠಪಾಠ ಸ್ಪರ್ಧೆಯ ಪಕ್ಕದಲ್ಲೇ ಇನ್ನೊಂದು ಸ್ಪರ್ಧೆ ಇಡಿ. ಮಗು ಹಿಂದೆ ಕಾಣದ ಒಂದು ವಚನ, ಇನ್ನೂ ಪಾಠ ಆಗದ ಒಂದು ವಿಜ್ಞಾನದ ಪುಟ ಕೊಡಿ. ಓದಲು ಇಪ್ಪತ್ತು ನಿಮಿಷ, ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಹೇಳಲು ಐದು ನಿಮಿಷ, ಸಭಿಕರ ಎರಡು ಪ್ರಶ್ನೆ. ತೀರ್ಪುಗಾರರಲ್ಲಿ ಒಬ್ಬರು ಶಾಲೆಗೆ ಹೋಗದ ಹಿರಿಯರಾಗಿರಲಿ. ಮಗು ಹೇಳಿದ್ದು ಅವರಿಗೆ ತಿಳಿಯಿತೋ ಇಲ್ಲವೋ ಎಂಬುದಕ್ಕೆ ಅರ್ಧ ಅಂಕ.

ಶುರು ಮಾಡಿದ ನಿಲಯಗಳವರು ಪತ್ರಿಕೆಗೆ ಬರೆದು ಕಳಿಸಿ. ಹೊಗಳಿಕೆಯ ವರದಿ ಬೇಡ. ಯಾವ ತರಗತಿ, ಯಾವ ಪುಟ, ಯಾವ ಪದದಲ್ಲಿ, ಯಾವ ವಾಕ್ಯದಲ್ಲಿ ಮಕ್ಕಳು ನಿಂತರು ಎಂಬುದನ್ನು ಬರೆಯಿರಿ. ಅಂಥವುಗಳ ಪಟ್ಟಿಯನ್ನು ತಿಂಗಳು ತಿಂಗಳೂ ಇಲ್ಲಿ ಅಚ್ಚು ಹಾಕುತ್ತೇವೆ. ವರ್ಷದ ಕೊನೆಗೆ ಅದನ್ನೇ ಪಠ್ಯಪುಸ್ತಕ ಸಂಘಕ್ಕೂ ಕಳಿಸೋಣ.